ಕಾಯಿಲ್ ಪಟ್ಟಿಯಡಿಯ ಹಸಿರು

"ಇವತ್ತು ಯಾವ ಬಣ್ಣ?" ಎಂದು ಗಂಡ ಕೇಳಿದಾಗ ಅವಳು ಒಲೆಯ ಮೇಲಿನ ಹಾಲು ಕಾಯುತ್ತ ನಿಂತಿದ್ದಳು, ತಾನು ಏನು ತೊಟ್ಟಿದ್ದೇನೆಂಬುದು ತನಗೇ ನೆನಪಾಗದೆ ತಲೆ ಬಗ್ಗಿಸಿ ನೋಡಿಕೊಳ್ಳಬೇಕಾಯಿತು. ಬೂದು, ಎಂದಳು. "ಯಾವ ಬೂದು? ಇಲಿ ಬೂದೋ, ಸಿಮೆಂಟು ಬೂದೋ?" ಇಲಿಯದು ಎಂದಳು. "ಹಾಗಾದ್ರೆ ಅಮ್ಮಾವ್ರಿಗೆ ಮನಸ್ಸು ಸರಿ ಇಲ್ಲ," ಎಂದು ನಗುತ್ತ ಅವನು ಕುರ್ಚಿಯ ಬೆನ್ನನ್ನು ಕೈಯಿಂದ ಹುಡುಕಿ ಕೂತ. ಕಣ್ಣು ಪೂರ್ತಿ ಹೋದ ಮೇಲೆ ಶುರುವಾದ ಅಭ್ಯಾಸ ಇದು. ನರ ಒಣಗಿದೆ, ಇನ್ನು ಮಾಡುವುದಕ್ಕೇನೂ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ ದಿನ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದವನು, ಮಾರನೆಯ ಬೆಳಗ್ಗೆ ಎದ್ದು ಕೇಳಿದ ಮೊದಲ ಮಾತೇ ಇದು. ಅವಳು ಬಣ್ಣ ಹೇಳುತ್ತಾಳೆ, ಅವನು ಒಂದು ಗಳಿಗೆ ಸುಮ್ಮನಿರುತ್ತಾನೆ. ಆ ಗಳಿಗೆಯಲ್ಲಿ ತಲೆಯೊಳಗೆ ಹೆಂಡತಿಗೆ ಬಣ್ಣ ಬಳಿಯುತ್ತಿದ್ದಾನೆ ಎಂದು ಅವಳಿಗೆ ಗೊತ್ತು. ಜೀವಮಾನವೆಲ್ಲ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವನಿಗೆ ಅಷ್ಟು ಸಾಕು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಗಮನವಿಟ್ಟು ನೋಡತೊಡಗಿದ್ದು ಕಣ್ಣು ಹೋದ ಮೇಲೆಯೇ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕಣ್ಣು ಹೋದದ್ದೇ ಒಳ್ಳೆಯದಾಯಿತು ಎಂದಂತಾಗುತ್ತದಲ್ಲ ಎಂಬ ಹೆದರಿಕೆ. ಇವತ್ತು ಅವನು ಬೇಗ ಎದ್ದು ಗಡ್ಡ ಹೆರೆದುಕೊಂಡಿದ್ದ, ಕೆನ್ನೆಯ ಕೆಳಗೆ ಒಂದು ಕಡೆ ಬಿಳಿ ಕೂದಲು ಹಾಗೇ ಉಳಿದಿತ್ತು. "ಎಷ್ಟು ಹೊತ್ತಿಗೆ ಬರ್ತಾನಂತೆ ಗಡಿಯಾರ?" ಎಂದ. ಹತ್ತಕ್ಕೆ ಅಂದಿದಾರೆ ಎಂದಳು. "ಅಂದ್ರೆ ಹನ್ನೊಂದೂವರೆ." ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಗಡಿಯಾರ ಎಂದರೆ ಅವನ ಬಾಲ್ಯದ ಗೆಳೆಯ. ಊರಿನ ಕೈಗಡಿಯಾರಗಳನ್ನೆಲ್ಲ ರಿಪೇರಿ ಮಾಡಿಕೊಟ್ಟು ತಾನು ಮಾತ್ರ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗದ ಆಸಾಮಿ. ಹಿಂದೆ ಆತನ ತಂದೆಯ ಬಳಿ ಒಂದು ಕಾರಿತ್ತು. ಇಬ್ಬರೂ ಚಡ್ಡಿ ಹಾಕುವ ವಯಸ್ಸಿನಲ್ಲಿ ಅದರ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಬೆಳೆದವರು. ಅದರ ಎಂಜಿನ್ ಹಸಿರು. ಅಂಥ ಹಸಿರನ್ನು ಆಮೇಲೆ ಯಾವ ಕಂಪನಿಯೂ ಮಾಡಲಿಲ್ಲವಂತೆ. ಮದುವೆಯಾದ ಹೊಸತರಲ್ಲಿ ಗಂಡ ಆ ಹಸಿರಿನ ಬಗ್ಗೆ ಮಾತಾಡುವುದು ಕೇಳಿ ಅವಳಿಗೆ ಯಾವುದೋ ಹುಡುಗಿಯ ವಿಷಯ ಇರಬೇಕು ಅನ್ನಿಸಿದ್ದುಂಟು. ಅದೇ ಮಾದರಿಯ ಗಾಡಿಯೊಂದು ಗುಜರಿಗೆ ಹೊರಟಿದ್ದಾಗ ತಂದು ಹಿತ್ತಿಲ ಶೆಡ್ಡಿನಲ್ಲಿ ನಿಲ್ಲಿಸಿಕೊಂಡ. ನಾಳೆ ಮಾಡೋಣ, ಬಿಡುವಾದಾಗ ಮಾಡೋಣ ಎನ್ನುತ್ತಲೇ ಕಣ್ಣು ಮಂಜಾಯಿತು. ಪೂರ್ತಿ ಕತ್ತಲೆಯಾದ ಮೇಲೆ ಒಂದು ದಿನ ಶೆಡ್ಡಿಗೆ ಹೋಗಿ ಕಾರಿನ ಮೂತಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದು, ಒಳಗೆ ಬಂದು ಹೇಳಿದ: "ಹೊರಗಿಂದು ಬೇಡ ಕಣೇ, ಒಳಗಿಂದಾದ್ರೂ ಮಾಡೋಣ. ಕೈ ನಂದು, ಕಣ್ಣು ನಿಂದು. ಒಂದ್ಸಲ ಬಾನೆಟ್ ಎತ್ತಿದಾಗ ಗಡಿಯಾರ ಹಾ ಅನ್ನೋದನ್ನ ಕೇಳ್ಬೇಕು." ಅವಳು ಹೂಂ ಎಂದದ್ದಕ್ಕೆ ಕಾರಣ ಕನಿಕರವಲ್ಲ. ಅವಳೂ ಬಣ್ಣದವಳೇ. ದರ್ಜಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ದಾರ ಹೊಂದಿಸುವ ಕೆಲಸ ಮಾಡಿದ್ದಳು. ಯಾರು ಎಂಥ ಬಟ್ಟೆ ತಂದರೂ ಗೂಡಿನಿಂದ ಒಂದೇ ಸಲಕ್ಕೆ ಸರಿಯಾದ ಉಂಡೆ ತೆಗೆಯುತ್ತಿದ್ದಳು. ಮಾಲೀಕ ಬೇರೆ ಯಾರ ಮಾತಿಗೂ ಸೊಪ್ಪು ಹಾಕದವನು, ಬಣ್ಣದ ವಿಷಯ ಬಂದರೆ ಮಾತ್ರ ಈ ಅಮ್ಮನನ್ನು ಕೇಳಿ ಎನ್ನುತ್ತಿದ್ದ. ಅವಳು ಬದುಕಿನಲ್ಲಿ ಹೆಮ್ಮೆಪಟ್ಟದ್ದು ಅದೊಂದಕ್ಕೆ.

ಒಲೆ ಒರೆಸಿ, ಬಟ್ಟೆ ಹಿಂಡಿ, ಅವಳು ಹಿತ್ತಿಲ ಬಾಗಿಲಲ್ಲಿ ನಿಂತು ಶೆಡ್ಡಿನತ್ತ ನೋಡಿದಳು. ಈಗಲೂ ಹೇಳಬಹುದು. ರೀ, ಒಂದು ತಪ್ಪಾಗಿದೆ ಎಂದರೆ ಆಯಿತು. ಆದರೆ ಹಾಗೆ ಹೇಳುವ ಬಾಯಿಯನ್ನು ಅವನೇ ಮುಚ್ಚಿಸಿದ್ದಾನೆ ಎಂದು ತನಗೆ ತಾನೇ ವಾದ ಮಾಡಿದಳು. ಈ ಕೆಲಸ ಶುರುವಾದಾಗ ಮೊದಲು ಬಣ್ಣ ಹೊಡೆದದ್ದು ಟ್ಯಾಪೆಟ್ ಕವರಿಗೆ, ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಉದ್ದನೆಯ ಮುಚ್ಚಳಕ್ಕೆ. ಹಳೆಯದನ್ನು ಕೆರೆದು, ಥಿನ್ನರಿನಿಂದ ಒರೆಸಿ, ಪ್ರೈಮರ್ ಕೊಟ್ಟು, ಉಜ್ಜಿ, ಅವನು ಹೇಳಿದ ಹಾಗೆ ಬಣ್ಣ ಚಿಮ್ಮುವ ಗನ್ನನ್ನು ಒಂದೇ ದೂರದಲ್ಲಿ ಹಿಡಿದು ಕೈ ನಿಲ್ಲಿಸದೆ ಹೊಡೆದಳು. ಒಣಗಿದ ಮೇಲೆ ಅವನು ಬೆರಳ ತುದಿ ಹಾಯಿಸಿ, "ಧೂಳು ಕೂತಿದೆ, ಕಿತ್ತು ಹಾಕು," ಎಂದ. ಅವಳಿಗೆ ಕಾಣುತ್ತಲೇ ಇರಲಿಲ್ಲ. ಮತ್ತೆ ಹೊಡೆದಳು. ಈ ಸಲ ಅಂಚಿನಲ್ಲಿ ಬಣ್ಣ ಇಳಿದಿದೆ ಎಂದ. ಅವಳು ಬಗ್ಗಿ, ಓರೆಯಾಗಿ, ಬೆಳಕಿಗೆ ಹಿಡಿದು ನೋಡಿದಳು. ಹೌದು, ಒಂದು ಹನಿ, ಇಳಿಯುತ್ತ ಇಳಿಯುತ್ತ ಗಟ್ಟಿಯಾಗಿತ್ತು. "ಇಷ್ಟು ದೊಡ್ಡದು ಕಾಣಲಿಲ್ವಾ? ನಿಂಗೆ ಕಣ್ಣಿರೋದಾದ್ರೂ ಯಾಕೆ?" ಎಂದು ಕೈಯಲ್ಲಿದ್ದ ಚಿಂದಿಯನ್ನು ಎಸೆದ. ಅದು ಅವಳ ಮೇಲೇನೂ ಬೀಳಲಿಲ್ಲ, ಕಂಪ್ರೆಸರಿನ ಮೇಲೆ ಬಿತ್ತು. ಆದರೂ ಅವಳು ಮುಖ ಒರೆಸಿಕೊಂಡಳು. ಆಮೇಲೆ ಅವನು ಗೋಡೆ ಹಿಡಿದು ಹುಡುಕಿಕೊಂಡು ಅಡುಗೆಮನೆಗೆ ಬಂದು, "ಆ ಮಾತು ನಿಂಗಲ್ಲ ಕಣೇ, ನಂಗೆ ಅಂದ್ಕೊಂಡಿದ್ದು," ಎಂದ. ಅದು ನಿಜವೇ ಇರಬೇಕು. ಆದರೆ ಕೇಳಿಸಿಕೊಂಡವಳು ತಾನಲ್ಲವೇ. ಮೂರನೆಯ ಸಲ ಹೊಡೆದದ್ದನ್ನು ಅವನು ಈ ತುದಿಯಿಂದ ಆ ತುದಿಯವರೆಗೆ ಸವರಿ, "ಈಗ ಬಂತು ನೋಡು," ಎಂದಾಗ ಅವಳಿಗೆ ಎಂಥ ಸುಖವಾಯಿತೆಂದರೆ, ಆ ಸುಖಕ್ಕೆ ನಾಚಿಕೆಯೂ ಆಯಿತು. ಈ ವಯಸ್ಸಿನಲ್ಲಿ ಶಾಬಾಸ್‌ಗಿರಿಗೆ ಬಾಯಿಬಿಡುತ್ತಿದ್ದೇನಲ್ಲ ಎನ್ನಿಸಿತು.

ಅದಾದ ಮೇಲೆ ಉಳಿದದ್ದೆಲ್ಲ ಸಲೀಸಾಗಿ ಸಾಗಿತ್ತು. ಏರ್ ಫಿಲ್ಟರಿನ ಡಬ್ಬಿ, ಫ್ಯಾನು, ಪುಲ್ಲಿ, ಹಿಡಿಕೆಗಳು ಒಂದೊಂದೇ ಶೆಡ್ಡಿನ ತಂತಿಗೆ ತೂಗುಬಿದ್ದು ಒಣಗಿದವು. ಎಂಜಿನ್ನಿನ ಒಡಲಾದ ಬ್ಲಾಕನ್ನು ಮಾತ್ರ ಗಾಡಿಯಲ್ಲೇ ಇಟ್ಟು ಕುಂಚದಿಂದ ಬಳಿದಳು. ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲನ್ನು ಬ್ಲಾಕಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚಬೇಕು, ಇಲ್ಲದಿದ್ದರೆ ತಂತಿಗಳು ಅದಲುಬದಲಾಗುತ್ತವೆ ಎಂದಿದ್ದ. ಅದರ ಅಡಿಯಲ್ಲಿ ಉಗುರಿನಷ್ಟು ಜಾಗಕ್ಕೆ ಟೇಪು ಅಂಟಿಸಿ ಹಳೆ ಬಣ್ಣವನ್ನು ಹಾಗೇ ಬಿಡು ಎಂದೂ ಹೇಳಿದ್ದ. ಗ್ಯಾರೇಜಿನ ಕಾಲದಿಂದ ಅವನ ಪದ್ಧತಿ ಅದು. ಯಾವ ಗಾಡಿಗೆ ಬಣ್ಣ ಹೊಡೆದರೂ ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಹಳೆಯದನ್ನು ಚೂರು ಉಳಿಸುತ್ತಿದ್ದ. ಸಾಕ್ಷಿ ಎನ್ನುತ್ತಿದ್ದ. ನಾಳೆ ಯಾರಾದರೂ ಬಂದು ಬಣ್ಣ ತಪ್ಪು ಎಂದರೆ ಬಿಚ್ಚಿ ಪಕ್ಕಪಕ್ಕ ತೋರಿಸಿ ಬಾಯಿ ಮುಚ್ಚಿಸಬಹುದು. ಒಂದು ಮಧ್ಯಾಹ್ನ, ಅವನು ಒಳಗೆ ಮಲಗಿದ್ದಾಗ, ಅವಳು ಆ ಪಟ್ಟಿಯನ್ನು ಬಿಚ್ಚಿದಳು. ಅಡಿಯಲ್ಲಿದ್ದ ಹಸಿರನ್ನು ನೋಡಿ ಸ್ಪ್ಯಾನರು ಹಿಡಿದ ಕೈ ಅಲ್ಲೇ ನಿಂತಿತು. ಬಿಸಿಯಾಗಲಿ ಎಣ್ಣೆಯಾಗಲಿ ಬೆಳಕಾಗಲಿ ಎಂದೂ ಮುಟ್ಟದ ಹಸಿರು. ಒಳಗೆ ನೀಲಿ ಅಡಗಿದ್ದ, ಈಗತಾನೇ ನೀರು ಚಿಮುಕಿಸಿದ ಹಾಗಿದ್ದ ಹಸಿರು. ಅದರ ಸುತ್ತ ತಾನು ಬಳಿದದ್ದು ಪಾಚಿ ಬಣ್ಣ. ಎಲ್ಲಿ ತಪ್ಪಿತು ಎಂದು ಯೋಚಿಸುವುದೂ ಬೇಕಾಗಲಿಲ್ಲ. ಬಣ್ಣ ಕಲೆಸಿಕೊಡುವವನ ಅಂಗಡಿಗೆ ಮಾದರಿಯೆಂದು ಅವಳು ಒಯ್ದದ್ದು ಟ್ಯಾಪೆಟ್ ಕವರನ್ನು, ಎಂಜಿನ್ನಿನ ಬಿಸಿಗೆ ದಶಕಗಟ್ಟಲೆ ಬೆಂದು ಹಳದಿಗೆ ತಿರುಗಿದ ಕವರನ್ನು. ಅಂಗಡಿಯವನು ಇದಕ್ಕೇ ಹೊಂದಿಸಲೇ ಎಂದು ಎರಡು ಸಲ ಕೇಳಿದ್ದ. ಅವಳು ಅವನ ಡಬ್ಬಿಯೊಳಗೆ ಬಗ್ಗಿ, ಇನ್ನೊಂದು ಹನಿ ಕಪ್ಪು ಎಂದು ತಾನೇ ಹೇಳಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿಕೊಂಡು ಬಂದಿದ್ದಳು. ದರ್ಜಿ ಅಂಗಡಿಯಲ್ಲಿ ಕಲಿತದ್ದೇ ಅದು: ರಿಪೇರಿಗೆ ಬಂದ ಬಟ್ಟೆಗೆ ಮಡಿಕೆಯೊಳಗಿನ ಹೊಸ ಬಣ್ಣ ನೋಡಬಾರದು, ಮೇಲೆ ಮಾಸಿದ್ದಕ್ಕೇ ದಾರ ಹೊಂದಿಸಬೇಕು, ಇಲ್ಲದಿದ್ದರೆ ಹೊಲಿಗೆ ಕಣ್ಣಿಗೆ ಹೊಡೆಯುತ್ತದೆ. ಗಂಡ ಎಲ್ಲಿಂದ ಮಾದರಿ ತೆಗೆಯಬೇಕೆಂದು ಹೇಳಿರಲಿಲ್ಲ. ಅವನ ಲೋಕದಲ್ಲಿ ಅದು ಹೇಳಬೇಕಾದ ಮಾತೇ ಅಲ್ಲ. ಇಬ್ಬರೂ ಬಣ್ಣದವರೇ, ಆದರೆ ಒಬ್ಬರು ಹೊಸದಾಗಿಸುವವರು, ಇನ್ನೊಬ್ಬರು ಹಳೆಯದನ್ನು ಕಾಪಾಡುವವರು.

ಅವತ್ತೇ ಹೇಳಿದ್ದರೆ ಎಲ್ಲವನ್ನೂ ಮತ್ತೆ ಕೆರೆಯಬೇಕಾಗುತ್ತಿತ್ತು, ಅಷ್ಟೇ. ಕೆರೆಯಲು ಅವಳು ಸಿದ್ಧಳಿದ್ದಳು. ಆ ಮಾತನ್ನು ಇನ್ನೊಮ್ಮೆ ಕೇಳಲು ಸಿದ್ಧಳಿರಲಿಲ್ಲ. ಎಮರಿ ಕಾಗದವನ್ನು ಚಿಕ್ಕದಾಗಿ ಮಡಚಿ, ಆ ಉಗುರಿನಷ್ಟು ಹಸಿರನ್ನು ಉಜ್ಜಿದಳು. ಅಂಚು ಎದ್ದು ಕಾಣಬಾರದೆಂದು ಸುತ್ತಲೂ ಉಜ್ಜಿ, ಪಾಚಿ ಬಣ್ಣವನ್ನೇ ಬಳಿದು, ಒಣಗಿದ ಮೇಲೆ ಪಟ್ಟಿ ಬಿಗಿದಳು. ಅಷ್ಟು ಚೊಕ್ಕವಾಗಿ ಅವಳು ಬೇರೆ ಯಾವ ಭಾಗಕ್ಕೂ ಬಣ್ಣ ಹಚ್ಚಿರಲಿಲ್ಲ. ಸಂಜೆ ಅವನು, "ಹೇಳು, ಹೇಗಿದೆ?" ಎಂದು ಕೇಳಿದ. ಅವಳು ಕಣ್ಣು ಮುಚ್ಚಿ, ಈಗ ಲೋಕದಲ್ಲಿ ತನ್ನೊಬ್ಬಳ ತಲೆಯಲ್ಲಿ ಮಾತ್ರ ಉಳಿದಿದ್ದ ಆ ಹಸಿರನ್ನು ವರ್ಣಿಸಿದಳು. ಒಳಗೆ ನೀಲಿ ಇದೆ ಅಂದಳು. ನೀರು ಚಿಮುಕಿಸಿದ ಹಾಗಿದೆ ಅಂದಳು. "ಅದೇ ಕಣೇ. ಥೇಟ್ ಅದೇ," ಎಂದು ಅವಳ ಕೈ ಹಿಡಿದುಕೊಂಡ. ಅಂದಿನಿಂದ ದಿನವೂ ಕೇಳುತ್ತಿದ್ದ, ದಿನವೂ ಅವಳು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಒಮ್ಮೊಮ್ಮೆ ಅವಳಿಗೂ ಶೆಡ್ಡಿನಲ್ಲಿರುವುದು ಅದೇ ಹಸಿರು ಅನ್ನಿಸಿಬಿಡುತ್ತಿತ್ತು.

ಹತ್ತೂ ಕಾಲಿಗೆ ಅವಳು, ಸಕ್ಕರೆ ಮುಗಿದಿದೆ ಎಂದು ಹೇಳಿ ಹೊರಬಿದ್ದಳು. ಸಕ್ಕರೆ ಡಬ್ಬಿ ತುಂಬಿತ್ತು. ಬೀದಿಯ ತುದಿಯಲ್ಲಿ ಬಸ್ಸು ನಿಲ್ಲುವ ಕಡೆ ಔಷಧಿ ಅಂಗಡಿಯ ನೆರಳಲ್ಲಿ ನಿಂತಳು. ಪರಿಚಯದವರೊಬ್ಬರು ಯಾರಿಗೆ ಕಾಯ್ತಿದೀರಿ ಎಂದು ಕೇಳಿದಾಗ ಯಾರಿಗೂ ಇಲ್ಲ ಎಂದು ಹೇಳಿ, ಕದ್ದು ಸಿಕ್ಕಿಬಿದ್ದವಳ ಹಾಗೆ ಔಷಧಿಗಳ ಗಾಜಿನ ಕಪಾಟನ್ನು ನೋಡತೊಡಗಿದಳು. ಗಡಿಯಾರ ಬಸ್ಸಿನಿಂದ ಇಳಿದಾಗ ಹನ್ನೊಂದು ದಾಟಿತ್ತು. ಅವಳನ್ನು ಕಂಡು ಅವನ ಮುಖ ಕಪ್ಪಿಟ್ಟಿತು. "ಏನತ್ತಿಗೆ, ಏನಾಯ್ತು ಅವನಿಗೆ?" ಅವರು ಚೆನ್ನಾಗೇ ಇದಾರೆ ಎಂದಳು. ಹೇಳಬೇಕೆಂದುಕೊಂಡದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಈಗ ತಲೆಬುಡವಿಲ್ಲದೆ ಹೊರಬಂತು. ಕವರು, ಅಂಗಡಿ, ಮಾಸಿದ ಬಣ್ಣ, ದಾರ. ಸಾಕ್ಷಿಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ತಪ್ಪನ್ನು ಹೇಳಿಕೊಳ್ಳಬಹುದು, ಉಜ್ಜಿದ್ದನ್ನು ಹೇಳಿಕೊಳ್ಳಲಾಗದು. "ನೀವು ಅದೇ ಹಸಿರು ಅನ್ನಿ ಸಾಕು. ಇನ್ನೇನೂ ಬೇಡ," ಎಂದಳು. ಗಡಿಯಾರ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಅಯ್ಯೋ, ಇಷ್ಟೇನಾ? ಖಂಡಿತ ಅಂತೀನಿ ಬಿಡಿ. ನಾನೇನೋ ಅಂದ್ಕೊಂಡು ಗಾಬರಿಯಾದೆ. ಅವನಿಗೆ ಹೇಗೂ ಕಾಣಲ್ವಲ್ಲ ಅತ್ತಿಗೆ." ಸಮಾಧಾನ ಹೇಳಲೆಂದೇ ಆಡಿದ ಮಾತು. ಅದನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಅವಳು ಮುಖ ತಿರುಗಿಸಿದಳು, ಏಕೆಂದರೆ ಇಷ್ಟು ದಿನ ತಾನೂ ತನಗೆ ಹೇಳಿಕೊಳ್ಳುತ್ತಿದ್ದದ್ದು ಅದನ್ನೇ. ನೀವು ಮುಂದೆ ಹೋಗಿ, ನಾನು ಆಮೇಲೆ ಬರ್ತೀನಿ ಎಂದು ಅವನನ್ನು ಕಳಿಸಿ, ಬೇಡದ ಸಕ್ಕರೆಯನ್ನು ಕೊಂಡಳು.

ಅವಳು ಬರುವ ಹೊತ್ತಿಗೆ ಇಬ್ಬರೂ ಶೆಡ್ಡಿನಲ್ಲಿದ್ದರು. "ಬಾರೇ ಬೇಗ, ನಿಂಗೋಸ್ಕರ ಕಾಯ್ತಿದೀವಿ," ಎಂದು ಗಂಡ ಕೂಗಿದ. ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದ, ಒಳ್ಳೆಯ ಅಂಗಿಗೆ ಆಗಲೇ ಗ್ರೀಸು ತಾಗಿತ್ತು. ಎತ್ತಿದ. ಗಡಿಯಾರ ಒಳಗೆ ಬಗ್ಗಿದ. ಒಂದು ಉಸಿರಿನಷ್ಟು ಹೊತ್ತು ಅವನ ಮುಖದ ಮೇಲೆ ನಿರಾಸೆ ಬಂದು ಹೋದದ್ದನ್ನು ಅವಳು ನೋಡಿದಳು. ಅವನೂ ಹುಡುಗನಾಗಿದ್ದಾಗಿನ ಹಸಿರನ್ನೇ ಹುಡುಕಿ ಬಂದವನು ಎಂದು ಅವಳಿಗೆ ಆಗಲೇ ಹೊಳೆದದ್ದು. ಆಮೇಲೆ ಅವನು "ಹಾ!" ಎಂದ, ಸ್ವಲ್ಪ ಜೋರಾಗಿಯೇ. "ಥೇಟ್ ಅದೇ ಕಣೋ! ನಮ್ಮಪ್ಪನ ಗಾಡಿ ನೋಡಿದ ಹಾಗಾಯ್ತು!" ಗಂಡ ಮುಖವೆತ್ತಿ ಬಾಯಿ ಅರೆತೆರೆದು ಕೇಳಿಸಿಕೊಳ್ಳುತ್ತಿದ್ದ. ಇನ್ನೊಂದ್ಸಲ ಹೇಳು ಎನ್ನುವ ಹಾಗಿತ್ತು ಅವನ ಮುಖ. ಇಲ್ಲಿಗೆ ಮುಗಿಯಿತು, ಪಾರಾದೆ ಎಂದು ಅವಳು ಸಕ್ಕರೆ ಪೊಟ್ಟಣವನ್ನು ಕೆಳಗಿಟ್ಟಳು.

"ನೀನು ಸುಮ್ನೆ ನನ್ನ ಖುಷಿಗೆ ಹೇಳ್ತಿದೀಯ ಅಂತ ನಾಳೆ ಅನ್ನಿಸಬಾರ್ದು ನೋಡು," ಎಂದ ಗಂಡ ನಗುತ್ತ. "ಆ ಕಾಯಿಲ್ ಪಟ್ಟಿ ಬಿಚ್ಚು. ಅಡೀಲಿ ಹಳೇದು ಉಳಿಸಿದೀವಿ. ಪಕ್ಕಪಕ್ಕ ನೋಡಿ ಹೇಳು. ನನ್ನ ಹೆಂಡ್ತಿ ಕಣ್ಣು ಎಂಥದು ಅಂತ ಗೊತ್ತಾಗ್ಲಿ ನಿಂಗೆ." ಅವಳು, ಈಗ ಯಾಕೆ ರೀ, ಊಟದ ಹೊತ್ತಾಯ್ತು ಎಂದಳು. "ಎರಡು ಬೋಲ್ಟು ಕಣೇ!" ಗಡಿಯಾರ ಅವಳತ್ತ ನೋಡಿದ, ಅವಳು ಏನು ಸನ್ನೆ ಮಾಡಬೇಕೆಂದು ತಿಳಿಯದೆ ನೆಲ ನೋಡಿದಳು. ಗಡಿಯಾರನದು ಸಣ್ಣ ಸ್ಕ್ರೂಗಳಿಗೆ ಪಳಗಿದ ಕೈ, ಪಟ್ಟಿ ಬೇಗನೇ ಕಳಚಿ ಬಂತು. ಅವನು ಬಗ್ಗಿ ನೋಡಿದ. ಅಲ್ಲಿ ಇದ್ದದ್ದು ಒಂದೇ ಬಣ್ಣ. ಅವನಿಗೆ ಇನ್ನೊಂದು ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಆದರೆ ಅತ್ತಿಗೆಗೆ ಮಾತು ಕೊಟ್ಟಿದ್ದ. "ಒಂದೇ ಕಣಯ್ಯಾ. ಹಳೇದು ಯಾವುದು ಹೊಸದು ಯಾವುದು ಗೊತ್ತೇ ಆಗ್ತಿಲ್ಲ. ಪಕ್ಕಪಕ್ಕ ಇಟ್ರೂ ಗೊತ್ತಾಗ್ತಿಲ್ಲ ಅಂದ್ರೆ ನೋಡು!" ಎಂದ. "ಅಲ್ವಾ?" ಎಂದು ಗಂಡ ಹೆಮ್ಮೆಯಿಂದ, ತಾನೂ ಅದನ್ನು ನೋಡಬೇಕೆಂಬ ಹಾಗೆ, ಬ್ಲಾಕಿನ ಪಕ್ಕೆಯ ಮೇಲೆ ಕೈಯೂರಿ ಬೆರಳನ್ನು ಇಳಿಸಿದ. ಟೇಪು ಅಂಟಿಸಿ ಬಣ್ಣ ಹೊಡೆದರೆ ಟೇಪು ಕಿತ್ತ ಮೇಲೆ ಒಂದು ಅಂಚು ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಬೆರಳು ಅದನ್ನು ಹುಡುಕಿತು. ಆ ಕಡೆ ಹೋಯಿತು, ಈ ಕಡೆ ಬಂತು. ಮತ್ತೆ ಮೇಲಿನಿಂದ ಇಳಿಯಿತು. ಎಲ್ಲ ಕಡೆ ನುಣುಪು. ಅವಳು ಅವನ ಮುಖವನ್ನು ನೋಡಲಿಲ್ಲ, ಬೆರಳನ್ನಷ್ಟೇ ನೋಡಿದಳು. ಅದು ಒಂದು ಕಡೆ ನಿಂತಿತು. "ಹೌದು," ಎಂದ ಗಂಡ. "ಗೊತ್ತೇ ಆಗಲ್ಲ."

ಊಟಕ್ಕೆ ಕೂತಾಗ ಗಡಿಯಾರ ಒಂದರ ಮೇಲೊಂದು ಹಳೆಯ ಕತೆ ಹೇಳಿದ. ಗಂಡ ನಗಬೇಕಾದ ಕಡೆಯೆಲ್ಲ ನಕ್ಕ. ಬಸ್ಸಿನ ಹೊತ್ತಾಯಿತೆಂದು ಎಂದೂ ಹೇಳದ ಗಡಿಯಾರ ಅಂದು ಹೊತ್ತಾಯಿತೆಂದು ಬೇಗನೇ ಎದ್ದ. ಬಾಗಿಲಲ್ಲಿ ಅವಳಿಗೆ ಮಾತ್ರ ಕೇಳುವಂತೆ, "ಎಲ್ಲ ಸರಿ ಹೋಯ್ತಲ್ಲ ಅತ್ತಿಗೆ," ಎಂದ, ಏನೋ ಸರಿ ಹೋಗಿಲ್ಲವೆಂದು ತಿಳಿದವನ ಧ್ವನಿಯಲ್ಲಿ. ಅವನು ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತ ಕಾದಳು. ಬೈಯಲಿ. ಚಿಂದಿ ಎಸೆಯಲಿ, ಈ ಸಲ ಮುಖಕ್ಕೇ ಎಸೆಯಲಿ. ನಿನಗೆ ಕಣ್ಣಿರೋದಾದರೂ ಯಾಕೆ ಎಂದು ಯಾವ ಮಾತಿಗೆ ಹೆದರಿ ಇದನ್ನೆಲ್ಲ ಮಾಡಿದಳೋ ಆ ಮಾತಿಗಾಗಿಯೇ ಈಗ ಕಿವಿಯನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಅವನು ರೇಡಿಯೋ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಆರಿಸಿದ. ಅವಳು ಕೈ ಒರೆಸಿಕೊಂಡು ಹೋಗಿ ಅವನ ಎದುರು ಕೂತು, ರೀ, ಆ ಪಟ್ಟಿಯಡಿ, ಎಂದು ಶುರು ಮಾಡಿದಳು. "ಬಿಡು," ಎಂದ. ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಅವಳು ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. "ನಾನು ಹೇಳ್ತೀನಿ ಕೇಳಿ, ಅಂಗಡೀಲಿ ಮಾದರಿ..." ಎಂದಳು. "ಬಿಡು ಅಂದೆನಲ್ಲ. ಕೆಲಸ ಚೊಕ್ಕವಾಗಿದೆ. ಅಂಚೇ ಸಿಗಲಿಲ್ಲ." ಅವಳು ಅತ್ತಳು. ಅಳುವುದು ಅವನಿಗೆ ಕೇಳಿಸುತ್ತಿತ್ತು, ಅವನು ಕೈ ಚಾಚಲಿಲ್ಲ. ಎಲ್ಲವನ್ನೂ ಕೆರೆದು ಮತ್ತೆ ಮಾಡೋಣ, ಆ ಬಣ್ಣ ನನಗೆ ನೆನಪಿದೆ, ಕಣ್ಣಿಗೆ ಕಟ್ಟಿದ ಹಾಗಿದೆ, ಹೊಂದಿಸಿ ತರುತ್ತೇನೆ ಎಂದಳು. ಅವನು ಅವಳ ಧ್ವನಿ ಬಂದ ಕಡೆ ಮುಖ ತಿರುಗಿಸಿ, "ಅದು ಬಂತು ಅಂತ ನಂಗೆ ಯಾರು ಹೇಳ್ಬೇಕು?" ಎಂದ. ಹಂಗಿಸಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದ.

ಮಾರನೆಯ ಬೆಳಗ್ಗೆ ಅವಳು ಬೀರು ತೆರೆದು ಬಹಳ ಹೊತ್ತು ನಿಂತಿದ್ದು, ಅವನಿಗೆ ಇಷ್ಟವೆಂದು ಎತ್ತಿಟ್ಟಿದ್ದ ನೀಲಿಯದನ್ನು ತೊಟ್ಟುಕೊಂಡಳು. ಗಟ್ಟಿ ನೀಲಿ, ಹೊಸದು, ಎಲ್ಲೂ ಮಾಸಿರಲಿಲ್ಲ. ಅವನು ಎದ್ದು ಮುಖ ತೊಳೆದು ಬಂದು, ಕುರ್ಚಿಯ ಬೆನ್ನನ್ನು ಹುಡುಕಿ ಕೂತ. ಅವಳು ಲೋಟವನ್ನು ಅವನ ಕೈಗೆ ತಾಗುವಂತೆ ಇಟ್ಟು ಪಕ್ಕದಲ್ಲೇ ನಿಂತಳು. ಅವನು ಊದಿ ಊದಿ ಕುಡಿದ. ಹಾಲು ಚೆನ್ನಾಗಿದೆ ಎಂದ. ಇವತ್ತು ಸೆಖೆ ಜಾಸ್ತಿ ಆಗಬಹುದು ಎಂದ. ಲೋಟ ಖಾಲಿ ಮಾಡಿ ಕೆಳಗಿಟ್ಟ. ಅವಳು ಇನ್ನೂ ನಿಂತೇ ಇದ್ದಳು. ಇಷ್ಟು ಹತ್ತಿರ ಯಾಕೆ ನಿಂತಿದ್ದಾಳೆ ಎಂದು ಅವನಿಗೆ ತಿಳಿಯದ್ದೇನಲ್ಲ. ಕೊನೆಗೆ ಅವಳೇ, "ನೀಲಿ," ಎಂದಳು.

ಅವನು ಒಂದು ಗಳಿಗೆ ಸುಮ್ಮನಿದ್ದ. ಎಂದಿನ ಆ ಗಳಿಗೆಯೇ ಇರಬೇಕೆಂದು ಅವಳು ಉಸಿರು ಹಿಡಿದು ಅವನ ಮುಖವನ್ನೇ ನೋಡಿದಳು.

"ಇರಬಹುದು," ಎಂದ.